ಕೋವಿ ಗೊತ್ತಿರುವ ಊರಿನಲ್ಲಿ ಗನ್‌ಸ್ಲಿಂಗರ್: ತೂಗಿ ನೋಡಿದ ಲೆಕ್ಕ

ದಾಳ ಉರುಳಿಸಿ ಪಾತ್ರಗಳಾಗಿ ಕಥೆ ಆಡುವ ಆಟಗಳಲ್ಲಿ ಹೊಸ ಕ್ಯಾರೆಕ್ಟರ್ ಕ್ಲಾಸ್, ಅಂದರೆ ಪಾತ್ರದ ಹೊಸ ಬಗೆ, ಟೇಬಲ್ಲಿಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಅದರ ಅತಿ ದೊಡ್ಡ ಏಟಿನ ಮೇಲೆ. ಕ್ರಿಟ್, ಅಂದರೆ ತುಂಬಾ ಒಳ್ಳೆಯ ಗರದ ಜೋರು ಏಟು, ಬಿದ್ದರೆ ಡ್ಯಾಮೇಜ್ ಎಷ್ಟು? ಪಾತ್‌ಫೈಂಡರ್ ಎರಡನೇ ಆವೃತ್ತಿಗೆ ಪೈಜೋ ಸಂಸ್ಥೆ 2021ರಲ್ಲಿ ತಂದ ‘ಗನ್ಸ್ ಅಂಡ್ ಗಿಯರ್ಸ್’ ಪುಸ್ತಕದ ಗನ್‌ಸ್ಲಿಂಗರ್‌ಗೆ ಈ ಪ್ರಶ್ನೆ ಹಾಕಿದರೆ ಬರುವ ಉತ್ತರ ಆಟ ನಡೆಸುವ ಜಿಎಂ ಆದವರನ್ನು ಬೆಚ್ಚಿಬೀಳಿಸುತ್ತದೆ. ಮೊದಲ ಲೆವೆಲ್ಲಿನಲ್ಲೇ ಆರ್ಕ್ವಿಬಸ್ ಎಂಬ ಉದ್ದ ಕೋವಿ ಹಿಡಿದವರ ಕ್ರಿಟ್ ಸರಾಸರಿ 23.5. ಅದೇ ಲೆವೆಲ್ಲಿನ ಸಾಧಾರಣ ಶತ್ರುವಿಗೆ ಇರುವುದು 20ರ ಆಸುಪಾಸಿನ ಎಚ್‌ಪಿ (ಜೀವದ ಅಂಕ). ಅಂದರೆ ಒಂದೇ ಈಡಿಗೆ ಶತ್ರು ನೆಲಕ್ಕೆ. ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿ ಈ ಕ್ಲಾಸ್ ಬೇಡವೇ ಬೇಡ ಎಂದು ಬಾಗಿಲು ಹಾಕುವವರಿದ್ದಾರೆ. ಹಾಗೆ ಮಾಡಿದರೆ ಒಂದು ಒಳ್ಳೆಯ ಕ್ಲಾಸ್ ಕೈತಪ್ಪುತ್ತದೆ. ಒಂದು ಕ್ಲಾಸಿನ ತೂಕ ಇರುವುದು ಅದರ ದೊಡ್ಡ ಏಟಿನಲ್ಲಲ್ಲ, ಎರಡು ಸರದಿಯ ಆರು ಆಕ್ಷನ್‌ಗಳಲ್ಲಿ ಅದು ಏನು ಮಾಡುತ್ತದೆ ಎಂಬುದರಲ್ಲಿ, ಮತ್ತು ಪಕ್ಕದಲ್ಲಿ ಕುಳಿತವರು ಅದಕ್ಕೆ ಎಷ್ಟು ಕೈ ಜೋಡಿಸುತ್ತಾರೆ ಎಂಬುದರಲ್ಲಿ.

ಈ ವಿಮರ್ಶೆಯ ಲೆಕ್ಕಗಳೆಲ್ಲ 2021ರ ಮೊದಲ ಮುದ್ರಣದ ಗನ್‌ಸ್ಲಿಂಗರ್ ಮತ್ತು ಅದೇ ಪುಸ್ತಕದ ಇನ್ನೊಂದು ಕ್ಲಾಸ್ ಇನ್ವೆಂಟರ್‌ಗೆ ಸಂಬಂಧಿಸಿದವು. ಎರಡಕ್ಕೂ ಅನ್‌ಕಾಮನ್ ಎಂಬ ಗುರುತಿದೆ. ಜಿಎಂ ಒಪ್ಪಿದರೆ ಮಾತ್ರ ಆಟಕ್ಕೆ ಬರುತ್ತವೆ ಎಂದು ಅದರ ಅರ್ಥ. ಆದ್ದರಿಂದ ಒಪ್ಪಬೇಕೋ ಬೇಡವೋ ಎಂಬುದು ಪ್ರತಿ ಟೇಬಲ್ಲಿನಲ್ಲೂ ಏಳುವ ಪ್ರಶ್ನೆಯೇ.

ಕೊಡಗಿನ ಟೇಬಲ್ಲಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಬಂದೂಕು ಸಿನಿಮಾದಲ್ಲಿ ಕಂಡ ವಸ್ತು. ಇಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜೆ ಮಾಡುವ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೆ ಗುಂಡು ಹಾರಿಸುವ ಮನೆಯ ವಸ್ತು. ಹಾಗಾಗಿ ನಿಯಮ ಓದುವ ಮೊದಲೇ ‘ಕೋವಿ ಹಾಗೆ ನಡೆಯುವುದಿಲ್ಲ’ ಎಂಬ ತಕರಾರು ಬರುತ್ತದೆ. ತಕರಾರು ನಿಜವೂ ಹೌದು. ಕೇಪಿನ ಕೋವಿಯನ್ನು ತುಂಬುವ ಕ್ರಮ ನೋಡಿ. ನಳಿಗೆಯನ್ನು ಮೇಲ್ಮುಖವಾಗಿ ಹಿಡಿದು ಅಳತೆಯ ಮದ್ದು ಸುರಿಯಬೇಕು. ಅದರ ಮೇಲೆ ನಾರು ತುರುಕಿ ಗಜದಿಂದ ಬಿಗಿಯಾಗಿ ಜಡಿಯಬೇಕು. ಆಮೇಲೆ ಗುಂಡು ಅಥವಾ ಚರೆ, ಅದು ಉರುಳಿ ಹೊರಬೀಳದಂತೆ ಮತ್ತೆ ನಾರು, ಮತ್ತೆ ಗಜ. ಗಜವನ್ನು ಹೊರಗೆಳೆದ ಮೇಲೆಯೇ ಕೊನೆಯಲ್ಲಿ ಕೇಪು. ಕೈ ಪಳಗಿದವರಿಗೂ ಅರ್ಧ ನಿಮಿಷ ಬೇಕು. ಆಟದಲ್ಲಿ ಒಂದು ರೌಂಡ್ ಆರು ಸೆಕೆಂಡ್, ಅದರಲ್ಲಿ ಮೂರು ಆಕ್ಷನ್. ಆರ್ಕ್ವಿಬಸ್ ತುಂಬಲು ಒಂದೇ ಆಕ್ಷನ್ ಸಾಕು. ಅಂದರೆ ಎರಡು ಸೆಕೆಂಡು.

ಇದನ್ನು ತಿದ್ದಲು ಹೊರಟಾಗಲೇ ಆಟ ಕೆಡುವುದು. ಯಾಕೆಂದು ಅಂಕಿಗಳೇ ಹೇಳುತ್ತವೆ.

ಮೊದಲ ಲೆವೆಲ್ಲಿನಲ್ಲಿ ಉಳಿದವರು ಆಯುಧದಲ್ಲಿ ಟ್ರೇನ್ಡ್ ಆಗಿದ್ದರೆ ಗನ್‌ಸ್ಲಿಂಗರ್ ಸಾಮಾನ್ಯ ಬಂದೂಕು ಮತ್ತು ಕ್ರಾಸ್‌ಬೋಗಳಲ್ಲಿ ಒಂದು ಮೆಟ್ಟಿಲು ಮೇಲೆ, ಎಕ್ಸ್‌ಪರ್ಟ್. ಲೆವೆಲ್ಲಿನ 1, ಎಕ್ಸ್‌ಪರ್ಟ್‌ನ 4, ಡೆಕ್ಸ್‌ಟೆರಿಟಿಯ 4 ಸೇರಿ, ಗರಕ್ಕೆ ಕೂಡಿಸುವ ಅಟ್ಯಾಕ್ +9. ಈ ಸವಲತ್ತು ಇರುವ ಇನ್ನೊಂದು ಕ್ಲಾಸ್ ಫೈಟರ್. ಹಾಗಾಗಿ ಹೋಲಿಕೆ ಅದರೊಂದಿಗೇ ನಡೆಯಬೇಕು. ರೇಂಜರ್ ಜೊತೆಗೋ ರೋಗ್ ಜೊತೆಗೋ ಇಟ್ಟು ತೂಗಿದರೆ ತಕ್ಕಡಿ ಮೊದಲೇ ವಾಲಿರುತ್ತದೆ.

ಆರ್ಕ್ವಿಬಸ್‌ನ ಡ್ಯಾಮೇಜ್ ದಾಳ ಡಿ8, ಅಂದರೆ ಎಂಟು ಮುಖದ್ದು. ಕಿಕ್‌ಬ್ಯಾಕ್ ಗುಣದಿಂದ ಪ್ರತಿ ಏಟಿಗೆ 1 ಹೆಚ್ಚು, ಕ್ಲಾಸಿನ ಸಿಂಗ್ಯುಲರ್ ಎಕ್ಸ್‌ಪರ್ಟೀಸ್‌ನಿಂದ ಇನ್ನೊಂದು. ಸಾಧಾರಣ ಏಟಿನ ಸರಾಸರಿ 6.5. ಫೇಟಲ್ ಡಿ12 ಗುಣವಿರುವುದರಿಂದ ಕ್ರಿಟ್ ಆದಾಗ ಡಿ8 ಹೋಗಿ ಡಿ12 ಬರುತ್ತದೆ, ಮೊತ್ತ ಎರಡರಷ್ಟಾಗುತ್ತದೆ, ಮೇಲೆ ಮತ್ತೊಂದು ಡಿ12 ಸೇರುತ್ತದೆ. ಆ ಕೊನೆಯ ದಾಳವನ್ನು ಎರಡರಷ್ಟು ಮಾಡಬಾರದು. ಟೇಬಲ್ಲಿನಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ: ಅದನ್ನೂ ಸೇರಿಸಿ ದ್ವಿಗುಣಗೊಳಿಸಿ 30 ಮಾಡಿಕೊಂಡು, ಆಮೇಲೆ ಕ್ಲಾಸ್ ಅತಿಯಾಯಿತು ಎನ್ನುತ್ತಾರೆ. ಇನ್ನೊಂದು ಕಡೆ ನೋಡಬೇಕಾದ್ದು ಕಿಕ್‌ಬ್ಯಾಕ್‌ನ ಬೆಲೆ. ಸ್ಟ್ರೆಂಗ್ತ್ 14 ಇಲ್ಲದವರು ಆ ಕೋವಿ ಹಿಡಿದರೆ ಅಟ್ಯಾಕ್‌ನಲ್ಲಿ 2 ಕಡಿಮೆ. ಕ್ಯಾರೆಕ್ಟರ್ ಶೀಟ್ ನೋಡುವಾಗ ಮೊದಲು ಈ ಅಂಕಿಯ ಮೇಲೆ ಬೆರಳಿಡಿ.

ಈಗ ಎದುರಿಗೆ ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕ) 16ರ ಶತ್ರು. ಗರ 7 ಬಿದ್ದರೆ ತಾಗುತ್ತದೆ, 17 ಬಿದ್ದರೆ ಕ್ರಿಟ್. ಇಪ್ಪತ್ತು ಗರಗಳಲ್ಲಿ ಹತ್ತು ಸಾಧಾರಣ ಏಟು, ನಾಲ್ಕು ಕ್ರಿಟ್, ಆರು ವ್ಯರ್ಥ. ಒಂದು ಈಡಿನ ಸರಾಸರಿ 7.95. ಅದೇ ಸರದಿಯಲ್ಲಿ ತುಂಬಿ ಮತ್ತೆ ಹೊಡೆದರೆ ಎರಡನೇ ಈಡಿಗೆ 5 ಕಡಿತ, ಸರಾಸರಿ 3.78. ಇನ್ನು ಲಾಂಗ್‌ಬೋ ಹಿಡಿದ ಫೈಟರ್: ತುಂಬುವ ಕೆಲಸವಿಲ್ಲ, ಮೂರು ಆಕ್ಷನ್‌ಗೆ ಮೂರು ಬಾಣ. ಮೊದಲನೆಯದು 5.15, ಎರಡನೆಯದು 2.53, ಮೂರನೆಯದು 1.4. ಒಟ್ಟು 9.08.

ಗನ್‌ಸ್ಲಿಂಗರ್ ಒಂದು ಸರದಿಯಲ್ಲಿ ಹೊಡೆ, ತುಂಬು, ಹೊಡೆ ಎಂದು ನಡೆದರೆ 11.73. ಇದನ್ನಷ್ಟೇ ನೋಡಿದವರು ಮೋಸ ಹೋಗುತ್ತಾರೆ. ಮುಂದಿನ ಸರದಿ ಶುರುವಾಗುವಾಗ ಕೋವಿ ಖಾಲಿ. ಅಲ್ಲಿ ತುಂಬು, ಹೊಡೆ, ತುಂಬು ಎಂದಾಗಿ ಸಿಗುವುದು ಒಂದೇ ಈಡು. ಎರಡು ಸರದಿ ಸೇರಿಸಿ ಭಾಗಿಸಿದರೆ 9.84. ಅದೂ ಒಂದು ಹೆಜ್ಜೆಯನ್ನೂ ಕದಲಿಸದೆ. ಇಬ್ಬರೂ ಸರದಿಗೊಮ್ಮೆ ಒಂದು ಆಕ್ಷನ್ ಓಡಾಟಕ್ಕೆ ಕೊಟ್ಟರೆ ಬಿಲ್ಲಿನವನದು 7.68, ಕೋವಿಯವಳದು 7.95. ಎರಡು ತಟ್ಟೆಗಳೂ ಸಮ ನಿಂತ ಜಾಗ ಇದು. ಮೇಲೆ 30 ಅಡಿಗಿಂತ ಹತ್ತಿರದವರ ಮೇಲೆ ಲಾಂಗ್‌ಬೋಗೆ ವಾಲಿ ಗುಣದ ಕಡಿತವಿದೆ, ಆರ್ಕ್ವಿಬಸ್‌ಗೆ ಇಲ್ಲ. ಆ ಲಾಭಕ್ಕೆ ಅವಳು ತೆರುವ ಬೆಲೆ ತುಂಬುವ ಆಕ್ಷನ್.

ಹಾಗಿದ್ದಾಗ ‘ನಿಜವಾದ ಕೋವಿಯಂತೆ’ ಎಂದು ತುಂಬಲು ಮೂರು ಆಕ್ಷನ್ ಎಂದರೆ ನಾಲ್ಕು ಆಕ್ಷನ್‌ಗೆ ಒಂದು ಈಡು, ಸರದಿಗೆ 5.96. ಓಡಾಟವೂ ಇಲ್ಲ. ಆ ಕ್ಲಾಸ್ ಅಲ್ಲಿಗೆ ಸತ್ತಂತೆ. ‘ತೋಟೆ ಹಾಕುವ ಜೋಡಿ ನಳಿಗೆ ಕೋವಿ ಇದ್ದಂತೆ ಮಾಡೋಣ, ತುಂಬುವ ಆಕ್ಷನ್ನೇ ಬೇಡ’ ಎನ್ನುವ ಉದಾರಿಗಳು ಇನ್ನೊಂದು ತುದಿ. ಆಗ ಮೂರು ಈಡಿನ ಮೊತ್ತ 13.88. ಬಿಲ್ಲಿನವನಿಗಿಂತ ನೂರಕ್ಕೆ 53 ಹೆಚ್ಚು. ಒಂದು ಆಕ್ಷನ್ ಎಂಬುದು ಕೋವಿಯ ಸ್ವಭಾವ ತಿಳಿಯದವರು ಬರೆದದ್ದಲ್ಲ, ಈ ಎರಡು ಅಂಕಿಗಳ ನಡುವೆ ಆಟ ನಿಲ್ಲಬಹುದಾದ ಜಾಗವೇ ಅದು. ಮನೆಯ ಕೋವಿಯ ಅನುಭವವನ್ನು ಮಾತಿನಲ್ಲಿ, ವರ್ಣನೆಯಲ್ಲಿ ತನ್ನಿ. ದಾಳದ ಲೆಕ್ಕದಲ್ಲಿ ಬೇಡ.

ತುಂಬುವ ಆಕ್ಷನ್ನೇ ಈ ಕ್ಲಾಸಿನ ಜೀವಾಳ ಎಂದು ಹೇಳಲು ಇನ್ನೂ ಒಂದು ಕಾರಣವಿದೆ. ಫೈಟರ್ ಕೂಡ ಆರ್ಕ್ವಿಬಸ್ ಎತ್ತಿಕೊಂಡರೆ ಅಟ್ಯಾಕ್ ಅದೇ +9. ಅವನಿಗೆ ತಪ್ಪುವುದು ಪ್ರತಿ ಏಟಿನ ಆ ಒಂದು ಅಂಕ, ಮತ್ತು ಸ್ಲಿಂಗರ್ಸ್ ರೀಲೋಡ್. ಕೋವಿ ತುಂಬುವ ಆಕ್ಷನ್ನಿನಲ್ಲೇ ಇನ್ನೊಂದು ಕೆಲಸವನ್ನೂ ಮುಗಿಸುವ ವಿದ್ಯೆ ಅದು. ಗನ್‌ಸ್ಲಿಂಗರ್ ಆರಿಸಿಕೊಳ್ಳುವ ದಾರಿಯ ಮೇಲೆ ಆ ಕೆಲಸ ಯಾವುದೆಂದು ತೀರ್ಮಾನವಾಗುತ್ತದೆ. ಪಿಸ್ಟೊಲೇರೋ ತುಂಬುತ್ತಲೇ ಬೆದರಿಸಬಹುದು ಅಥವಾ ಗಮನ ಬೇರೆಡೆ ಸೆಳೆಯಬಹುದು. ವ್ಯಾನ್‌ಗಾರ್ಡ್ ತನ್ನ ಕೋವಿಯಿಂದಲೇ ಎದುರಿನವನನ್ನು ತಳ್ಳಿ ತುಂಬುತ್ತಾನೆ. ಡ್ರಿಫ್ಟರ್ ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಕತ್ತಿ ಹಿಡಿದು, ಕತ್ತಿಯ ಏಟು ಹಾಕಿ ಅದೇ ಆಕ್ಷನ್‌ನಲ್ಲಿ ಪಿಸ್ತೂಲು ತುಂಬುತ್ತಾನೆ. ಹಾಲೇರಿ ಅರಸರ ಕಾಲದ ಕೊಡಗನ್ನು ಕಥೆಯ ನೆಲವಾಗಿ ಇಟ್ಟುಕೊಂಡು ಆಡುವವರಿಗೆ, ಸೊಂಟದಲ್ಲಿ ಪೀಚೆಕತ್ತಿ ಇರುವ ಪಾತ್ರಕ್ಕೆ, ಇದಕ್ಕಿಂತ ಚೆನ್ನಾಗಿ ಒಪ್ಪುವ ದಾರಿ ಇಲ್ಲ. ಅಂಕಿಯಲ್ಲೂ ಸೋಲುವುದಿಲ್ಲ. ಡ್ಯುಯೆಲಿಂಗ್ ಪಿಸ್ತೂಲಿನ ಈಡು 5.95, ಕಡಿತದ ನಂತರದ ಕಿರುಗತ್ತಿಯ ಏಟು ಸುಮಾರು 1.58. ಎರಡು ಆಕ್ಷನ್‌ಗೆ 7.5 ದಾಟುತ್ತದೆ, ಪಿಸ್ತೂಲೂ ತುಂಬಿರುತ್ತದೆ, ಒಂದು ಆಕ್ಷನ್ ಕೈಯಲ್ಲೇ ಉಳಿಯುತ್ತದೆ. ಅಪಾಯ ಇರುವುದು ಶತ್ರುವಿನ ಪಕ್ಕದಲ್ಲೇ ನಿಂತು ಹೊಡೆಯಬೇಕಾದ್ದರಲ್ಲಿ. ಎದುರಿನವನಿಗೆ ರಿಯಾಕ್ಟಿವ್ ಸ್ಟ್ರೈಕ್ (ಪಕ್ಕದವರ ಕೆಲಸದ ನಡುವೆ ಹೊಡೆಯುವ ಏಟು) ಇದ್ದರೆ ಗುಂಡು ಹಾರಿಸುವುದೂ ತುಂಬುವುದೂ ಎರಡೂ ಅವನಿಗೆ ಅವಕಾಶ ಕೊಡುತ್ತವೆ.

ಸ್ನೈಪರ್ ದಾರಿಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಈ ಕ್ಲಾಸಿನ ಶಕ್ತಿಯೂ ಕೊರತೆಯೂ ಒಟ್ಟಿಗೇ ಕಾಣುವುದು ಅಲ್ಲಿ.

ಮೊದಲು ಕೊರತೆ. ಪಾರ್ಟಿಯ ಲೆವೆಲ್ಲಿಗಿಂತ ಎರಡು ಮೇಲಿನ ಒಂಟಿ ಶತ್ರು, ಎಸಿ 19, ಎದುರು ನಿಂತಿದ್ದಾನೆ ಎನ್ನಿ. ಈಗ 10 ಬಿದ್ದರೆ ತಾಗುತ್ತದೆ, ಕ್ರಿಟ್ ಆಗುವುದು 20 ಬಿದ್ದಾಗ ಮಾತ್ರ. ಒಂದು ಈಡಿನ ಸರಾಸರಿ 7.95ರಿಂದ 4.43ಕ್ಕೆ ಕುಸಿಯುತ್ತದೆ. ನೂರಕ್ಕೆ 44 ಇಳಿಕೆ. ಬಿಲ್ಲಿನವನ ಎರಡು ಬಾಣ 7.68ರಿಂದ 4.83ಕ್ಕೆ ಇಳಿಯುತ್ತವೆ, ನೂರಕ್ಕೆ 37. ಕ್ರಿಟ್‌ನಲ್ಲೇ ಪ್ರಾಣ ಇಟ್ಟುಕೊಂಡಿರುವ ಕ್ಲಾಸ್ ಕ್ರಿಟ್ ಸಿಗದ ಕಡೆ ಬಡವಾಗುತ್ತದೆ. ಅಧ್ಯಾಯದ ಕೊನೆಯ ದೊಡ್ಡ ಕಾಳಗದಲ್ಲಿ ಗನ್‌ಸ್ಲಿಂಗರ್ ಆಡುವವರು ಮುಖ ಸಣ್ಣ ಮಾಡಿಕೊಂಡು ಕೂರುವುದಕ್ಕೆ ಕಾರಣ ಇದು. ಅದೃಷ್ಟದ್ದಲ್ಲ ತಪ್ಪು, ಗಣಿತದ್ದು.

ಇನ್ನೊಂದು ತುದಿಯಲ್ಲೂ ನಷ್ಟವಿದೆ. ಗಾಬ್ಲಿನ್ ವಾರಿಯರ್‌ಗೆ ಇರುವುದು 6 ಎಚ್‌ಪಿ. ಅದರ ಮೇಲೆ 23ರ ಕ್ರಿಟ್ ಬಿದ್ದರೆ 17 ನೀರು ಪಾಲು. ಆಮೇಲೆ ಕೋವಿ ತುಂಬುತ್ತ ಕೂರಬೇಕು, ಪಕ್ಕದಲ್ಲಿ ಇನ್ನೂ ಮೂವರು ಗಾಬ್ಲಿನ್‌ಗಳು. ಸರಾಸರಿಯ ಪಟ್ಟಿ ಇದನ್ನು ತೋರಿಸುವುದೇ ಇಲ್ಲ. ಗನ್‌ಸ್ಲಿಂಗರ್ ಅರಳುವುದು ತನ್ನದೇ ಲೆವೆಲ್ಲಿನ, ಇಪ್ಪತ್ತು ಎಚ್‌ಪಿಯ, ಇಬ್ಬರು ಮೂವರು ಶತ್ರುಗಳ ಎದುರು.

ಈಗ ಶಕ್ತಿ. ಅದೇ ಎಸಿ 19ರ ಶತ್ರುವನ್ನು ಜೊತೆಗಾರ ಯಾರಾದರೂ ಆಫ್-ಗಾರ್ಡ್ ಮಾಡಿದರೆ, ಅಂದರೆ ಅವನ ಕಾವಲು ಸಡಿಲಗೊಳಿಸಿದರೆ, ಎಸಿ 17. ಈಡಿನ ಸರಾಸರಿ 4.43ರಿಂದ 6.78ಕ್ಕೆ ಜಿಗಿಯುತ್ತದೆ, ನೂರಕ್ಕೆ 53 ಏರಿಕೆ. ಬಿಲ್ಲಿನವನಿಗೆ ಅದೇ ಸಹಾಯದಿಂದ ಸಿಗುವುದು ನೂರಕ್ಕೆ 39. ಕೋವಿಯವಳಿಗೆ ಕೊಟ್ಟ ಸಹಾಯಕ್ಕೆ ಬಡ್ಡಿ ಹೆಚ್ಚು. ಎದುರಿನವನನ್ನು ಕೆಡವಿ ಬೀಳಿಸುವ, ಹಿಡಿದು ನಿಲ್ಲಿಸುವ, ಹೆದರಿಸುವ ಒಬ್ಬ ಜೊತೆಗಾರ ಇರುವ ಗುಂಪಿನಲ್ಲಿ ಇದು ಮೇಲಿನ ಸಾಲಿನ ಕ್ಲಾಸ್. ಎಲ್ಲರೂ ತಮ್ಮ ತಮ್ಮ ಪಾಡಿಗೆ ಹೊಡೆಯುವ ಗುಂಪಿನಲ್ಲಿ ಹಿಂದಿನ ಬೆಂಚು. ಒಂದೇ ಕ್ಲಾಸಿನ ಬಗ್ಗೆ ಎರಡು ಟೇಬಲ್ಲುಗಳು ಒಂದಕ್ಕೊಂದು ತದ್ವಿರುದ್ಧ ಮಾತಾಡುವುದು ಇದಕ್ಕೇ.

ಸ್ನೈಪರ್‌ಗೆ ಆ ಸಹಾಯವನ್ನು ತಾನೇ ಮಾಡಿಕೊಳ್ಳುವ ದಾರಿಯಿದೆ. ಕವರ್ಡ್ ರೀಲೋಡ್ ಎಂಬ ಒಂದೇ ಆಕ್ಷನ್‌ನಲ್ಲಿ ಅಡಗಿಕೊಳ್ಳಲು ಪ್ರಯತ್ನಿಸಿ ಕೋವಿಯನ್ನೂ ತುಂಬಬಹುದು. ಅಡಗಿ ಹೊಡೆದರೆ ಆ ಈಡಿಗೆ ಶತ್ರು ಆಫ್-ಗಾರ್ಡ್. ಮೊದಲ ಲೆವೆಲ್ಲಿನ ಸ್ಟೆಲ್ತ್ (ಅಡಗುವ ಕೌಶಲ) +7, ಮೂರನೇ ಲೆವೆಲ್ ಶತ್ರುವಿನ ಸಾಧಾರಣ ಪರ್ಸೆಪ್ಶನ್ ಡಿಸಿ (ಗೆಲ್ಲಲು ಮುಟ್ಟಬೇಕಾದ ಅಂಕ) 19. ನೂರಕ್ಕೆ 45 ಸಲ ಕೆಲಸ ಆಗುತ್ತದೆ, ಈಡಿನ ಸರಾಸರಿ 5.48ಕ್ಕೆ ಏರುತ್ತದೆ. ಬಿಲ್ಲಿನವನ 4.83ಕ್ಕಿಂತ ಮೇಲೆ. ಆದರೆ ಅಡಗಲು ಮರೆ ಬೇಕು. ಮರೆ ಇದೆಯೋ ಇಲ್ಲವೋ ಹೇಳುವವರು ಮ್ಯಾಪ್ ಬರೆಯುವ ಜಿಎಂ.

ಈ ಮಾತಿಗೆ ಕೊಡಗಿನ ನೆಲಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕಾಫಿ ತೋಟದ ಮ್ಯಾಪ್ ಬರೆದಿರಿ ಎನ್ನಿ. ಸಾಲು ಸಾಲು ಗಿಡ, ಮೇಲೆ ಸಿಲ್ವರ್ ಓಕ್, ಹತ್ತಿ ಹೋದ ಕರಿಮೆಣಸಿನ ಬಳ್ಳಿ. ಪ್ರತಿ ಚೌಕದಲ್ಲೂ ಮರೆ. ಸ್ನೈಪರ್ ಅಲ್ಲಿ ರಾಜ. ಆದರೆ ಅದೇ ತೋಟದಲ್ಲಿ ಐವತ್ತು ಅರವತ್ತು ಅಡಿಯಾಚೆ ಕಣ್ಣು ಹರಿಯುವುದಿಲ್ಲವಾದ್ದರಿಂದ ಆರ್ಕ್ವಿಬಸ್‌ನ 150 ಅಡಿ ರೇಂಜ್ ದಂಡ. 70 ಅಡಿ ಹೋಗುವ ಫ್ಲಿಂಟ್‌ಲಾಕ್ ಮಸ್ಕೆಟ್ ಸಾಕು. ಅದರಲ್ಲಿ ಕಿಕ್‌ಬ್ಯಾಕ್‌ನ ರಗಳೆಯೂ ಇಲ್ಲ. ಈಗ ತೋಟದಿಂದ ಇಳಿದು ಗದ್ದೆಗೆ ಬನ್ನಿ. ಕೊಯ್ಲು ಮುಗಿದ ಬಯಲು, ಮೊಣಕಾಲೆತ್ತರದ ಬದು. ದೂರದಿಂದ ಮೊದಲ ಈಡು ಅವಳದೇ, ಆದರೆ ಎರಡನೆಯದಕ್ಕೆ ಅಡಗಲು ಜಾಗವಿಲ್ಲ. 150 ಅಡಿ ಎಂದರೆ 30 ಚೌಕ. ಇಂಚಿನ ಚೌಕದ ಶೀಟಿನಲ್ಲಿ ಅದು ಎರಡೂವರೆ ಅಡಿ ಉದ್ದ. ಊಟದ ಮೇಜಿನ ಮೇಲೆ ಹಾಸುವ ಮ್ಯಾಪಿನಲ್ಲಿ ಅಷ್ಟು ದೂರ ಸಿಗುವುದೇ ಅಪರೂಪ. ಮೂರು ವಾರ ಬರೀ ತೋಟದಲ್ಲೇ ಆಡಿಸಿ ಸ್ನೈಪರ್ ಜಾಸ್ತಿಯಾಯಿತು ಎಂದೂ, ಬರೀ ಗದ್ದೆಯಲ್ಲಿ ಆಡಿಸಿ ಕಡಿಮೆಯಾಯಿತು ಎಂದೂ ತೀರ್ಪು ಕೊಡಬೇಡಿ.

ಫೀಟ್‌ಗಳಲ್ಲಿ, ಅಂದರೆ ಆರಿಸಿಕೊಳ್ಳುವ ವಿಶೇಷ ವಿದ್ಯೆಗಳಲ್ಲಿ, ಎರಡರ ಮೇಲೆ ಕಣ್ಣಿಡಬೇಕು. ಒಂದು, ಎರಡನೇ ಲೆವೆಲ್ಲಿನ ಫೇಕ್ ಔಟ್. ಜೊತೆಗಾರ ಏಟು ಹಾಕುವ ಹೊತ್ತಿಗೆ, ತನ್ನ ಸರದಿಯಲ್ಲದಾಗಲೂ ಸಿಗುವ ರಿಯಾಕ್ಷನ್ ಬಳಸಿ, ಗುಂಡು ಹಾರಿಸದೆ, ಗುರಿಯಿಟ್ಟಂತೆ ನಟಿಸಿ ಅವನಿಗೆ ಎಯ್ಡ್ (ಗರಕ್ಕೆ ಸಹಾಯ) ಕೊಡುವ ಫೀಟ್ ಇದು. ಸಾಮಾನ್ಯ ಎಯ್ಡ್‌ಗೆ ಬೇಕಾದ ಮುನ್ಸಿದ್ಧತೆಯ ಆಕ್ಷನ್ ಇದಕ್ಕೆ ಬೇಡ. ಐದನೇ ಲೆವೆಲ್ಲಿನಲ್ಲಿ ಗನ್‌ಸ್ಲಿಂಗರ್ ಮಾಸ್ಟರ್ ಆಗುತ್ತಾಳೆ, ಆಯುಧದ ಮೇಲಿನ ಮಾಂತ್ರಿಕ ಗುರುತಾದ +1 ರೂನ್ ಸೇರಿ ಅಟ್ಯಾಕ್ +16. 2023ರ ಪ್ಲೇಯರ್ ಕೋರ್ ಪ್ರಕಾರ ಎಯ್ಡ್‌ನ ಮಾಮೂಲಿ ಡಿಸಿ 15. ಅಂದರೆ 9 ಬಿದ್ದರೆ ಕ್ರಿಟ್, ನೂರಕ್ಕೆ 60 ಸಲ ಜೊತೆಗಾರನಿಗೆ +3. ಪ್ರತಿ ರೌಂಡಿನಲ್ಲೂ. ಈ ಆಟದಲ್ಲಿ ಒಂದು ಅಂಕಕ್ಕೇ ಎಷ್ಟು ಬೆಲೆಯಿದೆ ಎಂದು ಬಲ್ಲವರಿಗೆ ಇದು ಏನೆಂದು ಗೊತ್ತಾಗುತ್ತದೆ. ಗನ್‌ಸ್ಲಿಂಗರ್‌ನಲ್ಲಿ ಅತಿ ಅನ್ನಿಸುವಂಥದ್ದೇನಾದರೂ ಇದ್ದರೆ ಅದು ಇದೇ, 23.5ರ ಕ್ರಿಟ್ ಅಲ್ಲ. ಡ್ಯಾಮೇಜ್ ಪಟ್ಟಿಯಲ್ಲಿ ಇದರ ಸುಳಿವೂ ಸಿಗುವುದಿಲ್ಲ, ಯಾಕೆಂದರೆ ಅಂಕ ಬೀಳುವುದು ಬೇರೆಯವರ ಖಾತೆಗೆ. ನಿಷೇಧ ಬೇಕಿಲ್ಲ. ಕೋವಿ ತುಂಬಿರಲೇಬೇಕು ಎಂಬ ಷರತ್ತನ್ನು ಬಿಗಿಯಾಗಿ ಹಿಡಿಯಿರಿ. ಸರದಿಯ ಕೊನೆಯಲ್ಲಿ ಹೊಡೆದು ಖಾಲಿ ಕೋವಿ ಹಿಡಿದು ನಿಂತವಳಿಗೆ ಫೇಕ್ ಔಟ್ ಇಲ್ಲ. ಆಗ ಎರಡನೇ ಈಡೋ ಜೊತೆಗಾರನ ಸಹಾಯವೋ ಎಂಬ ನಿಜವಾದ ಆಯ್ಕೆ ಅವಳ ಮುಂದಿರುತ್ತದೆ.

ಇನ್ನೊಂದು ರಿಸ್ಕಿ ರೀಲೋಡ್. ಒಂದೇ ಆಕ್ಷನ್‌ನಲ್ಲಿ ತುಂಬಿ ಹೊಡೆಯುವುದು. ತಪ್ಪಿದರೆ ಕೋವಿ ಮಿಸ್‌ಫೈರ್ ಆಗಿ ಬಿಡಿಸಲು ಒಂದು ಆಕ್ಷನ್ ಹೋಗುತ್ತದೆ. ಹೊಸಬರು ಇದನ್ನು ಎರಡನೇ ಈಡಿಗೆ ಬಳಸುತ್ತಾರೆ. ಅಲ್ಲಿ ಕಡಿತ ಸೇರಿ ಎಸಿ 16ರ ಮೇಲೆ ನೂರಕ್ಕೆ 55 ಸಲ ತಪ್ಪುತ್ತದೆ. ಇದರ ಜಾಗ ಸರದಿಯ ಮೊದಲಿಗೆ, ಕೋವಿ ಖಾಲಿ ಇರುವಾಗ, ಕಡಿತವಿಲ್ಲದ ಈಡಿಗೆ. ಅಲ್ಲಿ ತಪ್ಪುವ ಭಯ ನೂರಕ್ಕೆ 30. ದೊಡ್ಡ ಎಸಿಯವನ ಎದುರು ಆ ಭಯ 45ಕ್ಕೆ ಏರುವುದರಿಂದ ಅಲ್ಲಿ ಮುಟ್ಟದಿರುವುದೇ ಜಾಣತನ.

ಮಳೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿಯಾಚೆ ಜಡಿಮಳೆ ಹೊಯ್ಯುವ ಊರಿನಲ್ಲಿ, ಒದ್ದೆ ಮದ್ದಿಗೆ ನಿಯಮ ಬೇಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪುಸ್ತಕದಲ್ಲಿರುವ ಮಿಸ್‌ಫೈರ್ ನಿಯಮ ಹೀಗಿದೆ: 24 ಗಂಟೆಯೊಳಗೆ ಕೋವಿಯನ್ನು ಶುಚಿ ಮಾಡಿರದಿದ್ದರೆ ಹೊಡೆಯುವ ಮುನ್ನ ಡಿಸಿ 5ರ ಫ್ಲಾಟ್ ಚೆಕ್ (ಏನೂ ಕೂಡಿಸದ ಗರ), ಅಂದರೆ ನೂರಕ್ಕೆ 20 ಸಲ ಈಡು ವ್ಯರ್ಥ. ಇದನ್ನೇ ಮಳೆಯಲ್ಲಿ ಪ್ರತಿ ಈಡಿಗೂ ಹಾಕಿದರೆ 7.95 ಇದ್ದದ್ದು 6.36 ಆಗುತ್ತದೆ, ಜಾಮ್ ಬಿಡಿಸುವ ಆಕ್ಷನ್ ಬೇರೆ. ಬಿಲ್ಲಿನವನಿಗೆ ಏನೂ ಇಲ್ಲ. ಕಥೆಯುದ್ದಕ್ಕೂ ಮಳೆಗಾಲವಾದರೆ ಒಬ್ಬರಿಗೆ ಮಾತ್ರ ಶಿಕ್ಷೆ ಕೊಟ್ಟಂತೆ. ಬೇಕೇ ಬೇಕೆಂದರೆ ಕಾಳಗಕ್ಕೆ ಒಂದೇ ಸಲ, ಮೊದಲ ಈಡಿಗೆ ಮಾತ್ರ, ಅದೂ ಕೋವಿಯ ಬಾಯಿಗೆ ಬಟ್ಟೆ ಕಟ್ಟಿ ತಂದೆ ಎಂದು ಆಟಗಾರ ಹೇಳದಿದ್ದರೆ ಹಾಕಿ. ಜೊತೆಗೆ ಮಳೆಯಲ್ಲಿ ದೂರದ್ದು ಮಸುಕಾಗುವ ಕಷ್ಟವನ್ನು ಬಿಲ್ಲು, ಕೋವಿ, ಕವಣೆ ಎಲ್ಲಕ್ಕೂ ಸಮನಾಗಿ ಹಂಚಿ.

ಐದನೇ ಲೆವೆಲ್ಲಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡೋಣ. ಡ್ಯಾಮೇಜ್ ದಾಳವನ್ನು ಎರಡಾಗಿಸುವ ಸ್ಟ್ರೈಕಿಂಗ್ ರೂನ್ ಇರುವ ಆಯುಧಗಳು, ಎಸಿ 22, ಇಬ್ಬರಿಗೂ +16. ಆರ್ಕ್ವಿಬಸ್‌ನ ಒಂದು ಈಡು 14.6, ಲಾಂಗ್‌ಬೋನ ಎರಡು ಬಾಣ 15.6. ಕೋವಿ ಒಂದು ಅಂಕ ಹಿಂದೆ. ಆದರೆ ಈ ಲೆವೆಲ್ಲಿನಿಂದ ಅವಳ ಕ್ರಿಟ್‌ಗೆ ಬಂದೂಕಿನ ವಿಶೇಷ ಪರಿಣಾಮವೂ ಸೇರುತ್ತದೆ. ಫಾರ್ಟಿಟ್ಯೂಡ್ ಸೇವ್ (ದೇಹದ ತಾಳಿಕೆಯ ಗರ) ತಪ್ಪಿದವನು ಸ್ಟನ್ಡ್ 1, ಅಂದರೆ ಅವನ ಒಂದು ಆಕ್ಷನ್ ಹೋಯಿತು. ನಾಲ್ಕರಲ್ಲಿ ಒಂದು ಈಡು ಕ್ರಿಟ್ ಆಗುವಾಗ ಆ ಒಂದು ಅಂಕದ ಕೊರತೆ ತುಂಬಿಕೊಳ್ಳುತ್ತದೆ.

ಪುಸ್ತಕದ ಇನ್ನೊಂದು ಕ್ಲಾಸ್ ಇನ್ವೆಂಟರ್. ಇದರ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲು ಆಗುವುದಿಲ್ಲ, ಮನಸ್ಸಿದ್ದರೂ. ಕಲ್ಪನೆ ಸೊಗಸಾಗಿದೆ, ತೂಕ ತಪ್ಪಿದೆ. ಮುಖ್ಯ ಗುಣ ಇಂಟೆಲಿಜೆನ್ಸ್ ಆದ್ದರಿಂದ ಮೊದಲ ಲೆವೆಲ್ಲಿನಲ್ಲಿ ಸ್ಟ್ರೆಂಗ್ತ್ +3ಕ್ಕಿಂತ ಮೇಲೆ ಹೋಗದು, ಅಟ್ಯಾಕ್ +6. ಆ ಕೊರತೆ ತುಂಬಲೆಂದು ಓವರ್‌ಡ್ರೈವ್ ಕೊಟ್ಟಿದ್ದಾರೆ. ಅದಕ್ಕೆ ಒಂದು ಆಕ್ಷನ್, ಮೇಲೆ ಕ್ರಾಫ್ಟಿಂಗ್ ಗರ. ಡಿಸಿ 15ಕ್ಕೆ +7 ಇಟ್ಟುಕೊಂಡು ನೂರಕ್ಕೆ 65 ಸಲ ಗೆಲ್ಲಬಹುದು. ಗೆದ್ದರೆ ಸಿಗುವುದು ಇಂಟೆಲಿಜೆನ್ಸಿನ ಅರ್ಧ, ಅಂದರೆ ಏಟಿಗೆ 2. ಪೂರ್ತಿ 4 ಸಿಗಲು ಕ್ರಿಟ್ ಆಗಬೇಕು. ಎರಡು ಕೈಯ ದೊಡ್ಡ ಕತ್ತಿ ಹಿಡಿದು, ಓವರ್‌ಡ್ರೈವ್ ಗೆದ್ದ ಮೇಲೂ, ಎಸಿ 16ರ ಮೇಲೆ ಮೊದಲ ಏಟಿನ ಸರಾಸರಿ 6.9. ಅದೇ ಕತ್ತಿಯ ಫೈಟರ್‌ಗೆ 9.45, ಯಾವ ಆಕ್ಷನ್ನೂ ಖರ್ಚು ಮಾಡದೆ. ಬಾರ್ಬೇರಿಯನ್‌ನ ರೇಜ್‌ಗಾದರೂ ಗರ ಹಾಕುವ ಗೋಜಿಲ್ಲ. ಇನ್ವೆಂಟರ್ ಮಾತ್ರ ಒಂದೇ ಲಾಭಕ್ಕೆ ಎರಡು ಸಲ ಸುಂಕ ಕಟ್ಟುತ್ತಾನೆ: ಒಮ್ಮೆ ಆಕ್ಷನ್‌ನಲ್ಲಿ, ಒಮ್ಮೆ ಅದೃಷ್ಟದಲ್ಲಿ. ಸುತ್ತಲಿನವರನ್ನೆಲ್ಲ ಸುಡುವ ಎಕ್ಸ್‌ಪ್ಲೋಡ್ ಒಂದು ಸಮಾಧಾನ. ಮೊದಲ ಲೆವೆಲ್ಲಿನಲ್ಲಿ ಎರಡು ಡಿ6 ಬೆಂಕಿ, ಸುತ್ತ ಐದು ಅಡಿಯವರೆಗೆ. ಗುಂಪು ಶತ್ರುಗಳ ಮಧ್ಯೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದೇ ಒಂದು ತಿದ್ದುಪಡಿಯಿಂದ ಇನ್ವೆಂಟರ್ ನೆಟ್ಟಗಾಗುತ್ತಾನೆ. ಕಾಳಗದ ಆರಂಭದಲ್ಲಿ ಇನಿಶಿಯೇಟಿವ್ ಗರ ಹಾಕಿದಾಗ ಒಂದು ಓವರ್‌ಡ್ರೈವ್ ಪ್ರಯತ್ನವನ್ನು ಪುಕ್ಕಟೆ ಕೊಡಿ. ಸೋತರೆ ಮುಂದಿನ ಪ್ರಯತ್ನಕ್ಕೆ ಮಾಮೂಲಿನಂತೆ ಆಕ್ಷನ್ ಕೊಡಲಿ. ಡ್ಯಾಮೇಜ್ ಅಂಕಿಗಳನ್ನು ಮುಟ್ಟಬೇಡಿ. ಅರ್ಧದ ಬದಲು ಪೂರ್ತಿ ಇಂಟೆಲಿಜೆನ್ಸ್ ಕೊಟ್ಟುಬಿಟ್ಟರೆ ಕ್ರಿಟ್‌ಗೆ ಏನು ಕೊಡುವುದು ಎಂಬ ಪ್ರಶ್ನೆ ಎದ್ದು, ಒಂದನ್ನು ತಿದ್ದಲು ಹೋಗಿ ನಾಲ್ಕು ಕಡೆ ತೇಪೆ ಹಾಕಬೇಕಾಗುತ್ತದೆ.

ಈ ಪುಸ್ತಕದ್ದಿರಲಿ, ಮನೆಯಲ್ಲೇ ಬರೆದದ್ದಿರಲಿ, ಹೊಸ ಕ್ಲಾಸ್ ತೂಗಲು ಒಂದು ಭಾನುವಾರ ಸಾಕು. ನಾಲ್ವರು ಆಟಗಾರರಿಗೆ ಮಾಡರೇಟ್ ಕಾಳಗದ ಬಜೆಟ್ 80 ಎಕ್ಸ್‌ಪಿ. ಅದನ್ನು ಮೂರು ಆಕಾರದಲ್ಲಿ ಕಟ್ಟಿ: ಎರಡು ಲೆವೆಲ್ ಕೆಳಗಿನವರು ನಾಲ್ಕು ಜನ, ಸಮ ಲೆವೆಲ್ಲಿನವರು ಇಬ್ಬರು, ಎರಡು ಲೆವೆಲ್ ಮೇಲಿನವನು ಒಬ್ಬ. ಬಜೆಟ್ ಒಂದೇ, ಆಕಾರ ಬೇರೆ. ಕ್ಲಾಸಿನ ಕೊರತೆ ಯಾವುದರಲ್ಲಿ ಇಣುಕುತ್ತದೆ ಎಂದು ಆಗ ತಾನಾಗಿ ಕಾಣುತ್ತದೆ. ಒಂದನ್ನು ಬಯಲಿನಲ್ಲಿ, ಒಂದನ್ನು ಮರೆ ಇರುವಲ್ಲಿ, ಒಂದನ್ನು ಮನೆಯೊಳಗೆ ಇಡಿ. ಮೊದಲ ಲೆವೆಲ್ ಮುಗಿಸಿ ಐದನೆಯದಕ್ಕೂ ಇದನ್ನೇ ಮಾಡಿ. ಮೊದಲ ಲೆವೆಲ್ ಒಂದರಲ್ಲೇ ನೋಡಿದರೆ ಫೇಕ್ ಔಟ್‌ನಂಥವು ಕಣ್ಣಿಗೇ ಬೀಳುವುದಿಲ್ಲ.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಬರೆಯಬೇಕಾದ್ದು ಡ್ಯಾಮೇಜ್ ಮಾತ್ರವಲ್ಲ. ಡಿ20ಯಲ್ಲಿ ಬಿದ್ದ ಹಸಿ ಗರ, ಏನೂ ಆಗದೆ ಹೋದ ಆಕ್ಷನ್‌ಗಳು, ಸತ್ತವನ ಮೇಲೆ ಹೆಚ್ಚಾಗಿ ಸುರಿದ ಅಂಕ, ಮತ್ತು ಈ ಪಾತ್ರದ ದೆಸೆಯಿಂದ ಬೇರೆಯವರಿಗೆ ಸಿಕ್ಕ ಏಟುಗಳು. ಹಸಿ ಗರ ಬರೆಯುವುದು ಅತಿ ಮುಖ್ಯ. ಒಂದು ಮಧ್ಯಾಹ್ನದಲ್ಲಿ ಹಾರುವುದು ಹದಿನೈದು ಈಡು. ನೂರಕ್ಕೆ 20ರ ಲೆಕ್ಕದಲ್ಲಿ ಮೂರು ಕ್ರಿಟ್ ಬರಬೇಕು. ಆದರೆ ಆರು ಅಥವಾ ಅದಕ್ಕೂ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ 6 ಇದೆ, ಒಂದೂ ಬಾರದಿರುವುದೂ ನೂರಕ್ಕೆ 3 ಸಲವಾದರೂ ಆಗುತ್ತದೆ. ಆರು ಕ್ರಿಟ್ ಕಂಡ ಟೇಬಲ್ ಕ್ಲಾಸನ್ನು ನಿಷೇಧಿಸುತ್ತದೆ, ಒಂದೂ ಕಾಣದ ಟೇಬಲ್ ಮರುಗುತ್ತದೆ. ಅದೃಷ್ಟವನ್ನು ಬದಿಗಿಡಲು ಸುಲಭ ಉಪಾಯ: ಆಟ ಮುಗಿದ ಮೇಲೆ ಅದೇ ಗರಗಳನ್ನು ಲಾಂಗ್‌ಬೋ ಫೈಟರ್‌ಗೆ ಹಾಕಿ ನೋಡುವುದು. ಅವಳಿಗೆ 17 ಬಿದ್ದ ಕಡೆ ಅವನಿಗೂ 17. ಆಗ ಎರಡರ ನಡುವೆ ಉಳಿಯುವ ಅಂತರ ಕ್ಲಾಸಿನದೇ, ದಾಳದ್ದಲ್ಲ.

ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೆಥಿಸ್ ಜಾಲತಾಣದಲ್ಲಿ ಉಚಿತವಾಗಿ, ಅಧಿಕೃತವಾಗಿಯೇ ಸಿಗುತ್ತವೆ. ಪುಸ್ತಕ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಲು ಅದಿಷ್ಟೇ ಸಾಕು. ಮಳೆಗಾಲದಲ್ಲಿ ಆಡುವವರು ಕ್ಲಾಸಿನ ಪುಟ, ಬಂದೂಕುಗಳ ಪಟ್ಟಿ, ಮಿಸ್‌ಫೈರ್, ಕಿಕ್‌ಬ್ಯಾಕ್, ಫೇಟಲ್ ಈ ಮೂರರ ವಿವರ, ಎಯ್ಡ್ ನಿಯಮ ಇಷ್ಟನ್ನು ಮೊದಲೇ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತ ಮೇಲೆ, ಆ ಕೊನೆಯ ಡಿ12 ದ್ವಿಗುಣವಾಗುತ್ತದೋ ಇಲ್ಲವೋ ಎಂಬ ಜಗಳ ಮೇಣದ ಬತ್ತಿ ಮುಗಿಯುವವರೆಗೂ ಮುಗಿಯುವುದಿಲ್ಲ.